ಹದಿನಾಲ್ಕನೆಯ ಪ್ರಶ್ನೆ

ಬಸ್ಸು ತುಡಿಯಲೂರು ದಾಟುವ ಹೊತ್ತಿಗೆ ಭಾಮಾ ಮಡಿಲಲ್ಲಿದ್ದ ಚೀಲವನ್ನು ನಾಲ್ಕು ಸಲ ಮುಟ್ಟಿ ನೋಡಿದ್ದಳು. ಒಳಗೆ ಮೂವತ್ತೆರಡು ಫಾರಂಗಳ ಕಟ್ಟು. ಅದನ್ನು ಯಾಕೆ ಹೊತ್ತುಕೊಂಡು ಹೊರಟೆ ಎಂದು ಯಾರಾದರೂ ಕೇಳಿದ್ದರೆ, ಆಸ್ಪತ್ರೆಯಲ್ಲಿ ಬೇಕಾಗಬಹುದು ಎಂದು ಹೇಳುತ್ತಿದ್ದಳು. ನಿಜ ಹೇಳಬೇಕೆಂದರೆ ಅದನ್ನು ಕಾಲೇಜಿನ ಮೇಜಿನ ಮೇಲೆ ಬಿಟ್ಟು ಬರಲು ಅವಳಿಗೆ ಹೆದರಿಕೆಯಾಗಿತ್ತು. ಯಾರೋ ಒಳಗೆ ಬಂದು, ಮೇಲಿನ ಹಾಳೆ ಎತ್ತಿ, ಹದಿನಾಲ್ಕನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿಬಿಟ್ಟರೆ? ಯಾರು ಬರುತ್ತಾರೆ, ಆ ಕೋಣೆಗೆ ಕಾಫಿ ತಂದುಕೊಡುವ ರಾಜಾಮಣಿ ಬಿಟ್ಟರೆ ಇನ್ನೊಬ್ಬರು ಕಾಲಿಡುವುದಿಲ್ಲ. ಆದರೂ ಹೆದರಿಕೆ. ಫಾರ್ಮಸಿ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡಿದ ಹೆಂಗಸು, ತನ್ನ ಕೈಬರಹಕ್ಕೆ ತಾನೇ ಹೆದರಿ ಅದನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದ್ದಳು.

ಬೆಳಿಗ್ಗೆ ಒಂಬತ್ತೂವರೆಗೆ ಗೋಕಿಲಾ ಫೋನ್ ಮಾಡಿದಾಗ ಭಾಮಾ ಸೋಮವಾರದ ಸಂಶೋಧನಾ ಸಮಿತಿಗೆ ತೋರಿಸಬೇಕಾದ ಸ್ಲೈಡುಗಳಲ್ಲಿ ಮುಳುಗಿದ್ದಳು. ನೀಲಗಿರಿ ಬೆಟ್ಟದ ವಿಂಟರ್‌ಗ್ರೀನ್ ಪೊದೆಯ ಎಲೆಯಿಂದ ಇಳಿಸಿದ ಎಣ್ಣೆ, ಅದನ್ನು ಹಚ್ಚಿಕೊಂಡ ಸಿರುಮುಗೈ ನೇಕಾರರ ಹೆಗಲುನೋವು ಎಷ್ಟು ಇಳಿಯಿತು ಎಂಬ ಲೆಕ್ಕ. ಗ್ರಾಫಿನ ಕಂಬಗಳು ಚೆನ್ನಾಗಿ ಇಳಿದಿದ್ದವು, ಮೆಟ್ಟಿಲು ಮೆಟ್ಟಿಲಾಗಿ. ಗೋಕಿಲಾ ಆ ನೇಕಾರರಲ್ಲೊಬ್ಬಳಾದ ಚಂದ್ರಕ್ಕನ ಮಗಳು. "ಅಕ್ಕಾ, ನೀವು ಕೊಂಜ ಮೆಟ್ಟುಪಾಳ್ಯಂಗೆ ಬರ್ತೀರಾ?" ಎಂದಳು ತಮಿಳು ಬೆರೆತ ಕನ್ನಡದಲ್ಲಿ. "ಅಮ್ಮಗೆ ನೆನ್ನೆಯಿಂದ ಮೂಗಲ್ಲಿ ರಕ್ತ ನಿಲ್ತಾನೇ ಇಲ್ಲ. ತೊಡೆಯೆಲ್ಲಾ ನೀಲ ಕಟ್ಟಿ ಊದ್ಕೊಂಡಿದೆ. ಇಲ್ಲಿ ಡಾಕ್ಟ್ರು ನಮ್ಗೆ ಒಂದೂ ಸರಿಯಾಗಿ ಸೊಲ್ಲಲ್ಲ. ನೀವು ಬಂದು ಕೇಳಿದ್ರೆ ಹೇಳ್ತಾರೆ, ನೀವು ಓದ್ದೋರು." ಭಾಮಾ ಆಗ ಒಂದು ಪ್ರಶ್ನೆ ಕೇಳಿದಳು. ಬಾಯಿಂದ ತಾನಾಗಿ ಬಂತು. "ಅಮ್ಮ ದಿನಾ ಏನಾದ್ರೂ ಮಾತ್ರೆ ತಗೋತಾರಾ?" ಗೋಕಿಲಾ ಒಂದು ಕ್ಷಣವೂ ತಡೆಯಲಿಲ್ಲ. "ಆಮಾ ಅಕ್ಕಾ, ನಾಲ್ಕು ವರ್ಷದಿಂದ. ಹಾರ್ಟಲ್ಲಿ ವಾಲ್ವ್ ಇಟ್ಟಿದಾರಲ್ಲ, ರಕ್ತ ತೆಳು ಮಾಡೋ ಮಾತ್ರೆ." ಐದು ಸೆಕೆಂಡಿನ ಪ್ರಶ್ನೆ, ಐದು ಸೆಕೆಂಡಿನ ಉತ್ತರ. ಜನವರಿಯಲ್ಲಿ ಕೇಳಬೇಕಾಗಿದ್ದನ್ನು ಭಾಮಾ ಜೂನಿನಲ್ಲಿ ಕೇಳಿದ್ದಳು. ಅವಳು ಸ್ಲೈಡುಗಳನ್ನು ಹಾಗೇ ಬಿಟ್ಟು ಎದ್ದಳು.

ಏಕೆಂದರೆ ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಇರುವ ಸುಖ ಅವಳಿಗಿರಲಿಲ್ಲ. ಮೂರನೆಯ ವರ್ಷದ ಹುಡುಗಿಯರಿಗೆ ಪ್ರತಿ ಆಗಸ್ಟಿನಲ್ಲಿ ಬೋರ್ಡಿನ ಮೇಲೆ ಬರೆದು ಅಡಿಗೆರೆ ಹಾಕಿ ಹೇಳುತ್ತಿದ್ದಳು: ವಿಂಟರ್‌ಗ್ರೀನ್ ಎಣ್ಣೆ ಎಂದರೆ ಹೆಚ್ಚುಕಡಿಮೆ ಪೂರ್ತಿ ಒಂದೇ ರಾಸಾಯನಿಕ, ಆಸ್ಪಿರಿನ್ನಿನ ದಾಯಾದಿ. ಚರ್ಮದ ಮೇಲೆ ಹಚ್ಚಿದರೂ ಒಳಗಿಳಿಯುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಹಚ್ಚಿದರೆ ಮಾತ್ರೆಯ ಬಲ ಏರಿ ಒಳಗೊಳಗೇ ರಕ್ತ ಸುರಿಯಬಹುದು. ಪರೀಕ್ಷೆಯಲ್ಲಿ ಬರುತ್ತದೆ, ಎರಡು ಮಾರ್ಕಿನ ಪ್ರಶ್ನೆ. ಹುಡುಗಿಯರು ತಪ್ಪದೆ ಬರೆಯುತ್ತಿದ್ದರು. ಬರೆಯದಿದ್ದವರನ್ನು ಭಾಮಾ ಎದ್ದು ನಿಲ್ಲಿಸಿ ಮಾನ ಕಳೆಯುತ್ತಿದ್ದಳು. ಹೋದ ವರ್ಷ ಗೋಮತಿ ಎಂಬ ಹುಡುಗಿ ಇದನ್ನು ಬಿಟ್ಟು ಉಳಿದ ಹತ್ತು ವಿಷಯ ಬರೆದಿದ್ದಕ್ಕೆ, "ನೀನು ಅಂಗಡಿ ಇಟ್ಟರೆ ಊರಿಗೊಂದು ಸುಡುಗಾಡು ಸಾಲದು" ಎಂದಿದ್ದಳು. ಇಡೀ ಕ್ಲಾಸು ನಕ್ಕಿತ್ತು. ಆ ನಗು ಈಗ ಪೆರಿಯನಾಯಕ್ಕನ್‌ಪಾಳ್ಯಂನ ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನೊಳಗೆ, ಟಿಫಿನ್ ಡಬ್ಬಿ ಹಿಡಿದು ಕೂತ ಹೆಂಗಸರ ನಡುವೆ ಅವಳ ಕಿವಿಗೆ ಕೇಳಿಸಿತು. ಅವತ್ತು ಗೋಮತಿ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ನಿಂತಿದ್ದಳು. ಅವಳ ಕ್ಷಮೆ ಕೇಳಬೇಕೆಂದು ಇಷ್ಟು ದಿನ ಯಾಕೆ ಅನ್ನಿಸಿರಲಿಲ್ಲವೋ.

ಆ ಪೊದೆಯನ್ನು ಮೊದಲು ತೋರಿಸಿದವನು ತಿರುಮಲೈಸಾಮಿ, ಕೋತಗಿರಿಯ ಮೇಲಿನ ಒಂದು ಇಳಿಜಾರಿನಲ್ಲಿ. ಎಪ್ಪತ್ತು ದಾಟಿದ ಮುದುಕ, ತಾಮ್ರದ ಹಂಡೆಯಲ್ಲಿ ಎಲೆ ಕುದಿಸಿ ಎಣ್ಣೆ ಇಳಿಸುತ್ತಿದ್ದ. ಎದೆಯೆತ್ತರದ ಗಿಡ, ಸಣ್ಣ ಬಿಳಿ ಹೂ, ನೇರಳೆಗೆ ತಿರುಗಿದ ನೀಲಿ ಕಾಯಿ. ಒಂದು ಎಲೆ ಹರಿದು ಅವಳ ಅಂಗೈಯಲ್ಲಿ ಹೊಸಕಿದ್ದ. ಅವಳ ಅಜ್ಜಿಯ ಕೋಣೆಯಲ್ಲಿ ಸದಾ ಇರುತ್ತಿದ್ದ ಮುಲಾಮಿನ ವಾಸನೆ ಅದು, ಆದರೆ ಹಸಿ, ಜೀವಂತ. ಕೈ ಮೂಸುತ್ತ ಮೂಸುತ್ತ ಅವಳಿಗೆ ಅಳುವೇ ಬಂದಿತ್ತು. ಮುದುಕ ತಮಿಳಿನಲ್ಲಿ ಹೇಳುತ್ತಾ ಹೋದ, ಅವಳು ಬರೆದುಕೊಳ್ಳುತ್ತಾ ಹೋದಳು: ಎಲೆ ಬಿಸಿ ಮಾಡಿ ಮಂಡಿಗೆ ಕಟ್ಟುವುದು, ಹಲ್ಲುನೋವಿಗೆ ಎಲೆ ಅಗಿದು ಉಗುಳುವುದು, ಚಳಿಗಾಲದಲ್ಲಿ ಮಕ್ಕಳ ಹಾಸಿಗೆಯ ಕೆಳಗೆ ಟೊಂಗೆ ಇಡುವುದು. ಕೊನೆಗೆ ಅವನು, ಮೂರು ದಿನ ಹಚ್ಚಬೇಕು, ಮೂರು ದಿನ ಬಿಡಬೇಕು, ರಕ್ತ ಹೋಗುತ್ತಿರುವವರು ಮುಟ್ಟಬಾರದು, ಇದು ರಕ್ತಕ್ಕೆ ಇಳಿಯುವ ಎಣ್ಣೆ ಅಂದ. ಅದನ್ನೂ ಬರೆದುಕೊಂಡಿದ್ದಳು. ವರದಿಯಲ್ಲಿ ಅದಕ್ಕೆ ಜಾಗ ಕೊಟ್ಟಿದ್ದು 'ಸ್ಥಳೀಯ ನಂಬಿಕೆಗಳು' ಎಂಬ ಕಾಲಮ್ಮಿನಲ್ಲಿ, ಅಮಾವಾಸ್ಯೆಯ ದಿನ ಎಲೆ ಕೀಳಬಾರದು ಎಂಬುದರ ಕೆಳಗೆ. ತಾನು ಕ್ಲಾಸಿನಲ್ಲಿ ಅಡಿಗೆರೆ ಹಾಕಿ ಹೇಳುವುದನ್ನೇ ಮುದುಕ ಹೇಳಿದ್ದ. ಅವನ ಬಾಯಲ್ಲಿ ಬಂದಿದ್ದಕ್ಕೆ ಅದು ನಂಬಿಕೆಯಾಯಿತು. ಅವಳು ಅದನ್ನು ಗುರುತೇ ಹಿಡಿಯಲಿಲ್ಲ. ಇದನ್ನು ಯಾರಿಗೆ ಹೇಳಿಕೊಳ್ಳುವುದು? ಕುರಿಚಿಯ ಫೌಂಡ್ರಿಯಲ್ಲಿ ದಿನವಿಡೀ ಕಬ್ಬಿಣದ ಸದ್ದಿನಲ್ಲಿರುವ ಗಂಡ ವೆಂಕಟೇಶನಿಗೆ ಬಸ್ಸು ಹತ್ತುವ ಮೊದಲು ಫೋನ್ ಮಾಡಿದ್ದಳು. ಅವನು ಪೂರ್ತಿ ಕೇಳಿಸಿಕೊಂಡು, "ಫಾರಂನಲ್ಲಿ ಏನಂತ ಇದೆ?" ಎಂದ. "ಇಲ್ಲ ಅಂತ ಇದೆ." "ಮತ್ತೆ ನಿಂದೇನು ತಪ್ಪು? ಅವರು ಹೇಳ್ಬೇಕಿತ್ತು."  'ಇಲ್ಲ' ಎಂದು ಬರೆದವರು ಯಾರು ಎಂದು ಅವನು ಕೇಳಲಿಲ್ಲ.

ಸಿರುಮುಗೈಗೆ ಅವಳು ಮೊದಲು ಹೋದ ದಿನ ಚಂದ್ರಕ್ಕನ ಮನೆಯಲ್ಲಿ ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳನ್ನು, ಏರಿಸುತ್ತಿದ್ದರು. ಭಾಮಾ ಹೊಸಿಲ ಬಳಿ ನಿಂತು ತಮಿಳಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದಾಗ ಒಳಗಿಂದ ಚಂದ್ರಕ್ಕ ಗಂಡನಿಗೆ, "ಯಾರೋ ಬಂದವ್ರೆ ನೋಡ್ರಿ, ಚೇರ್ ಹಾಕ್ರಿ" ಎಂದಳು. ಕನ್ನಡ. ಭಾಮಾಳ ಮನೆಯಲ್ಲಿ ಮೂರು ತಲೆಮಾರಿನಿಂದ ಅಡುಗೆಮನೆಯ ಆಚೆ ದಾಟದ ಭಾಷೆ, ಅವಳಿಗೆ ಓದಲು ಬರೆಯಲು ಬಾರದ ಭಾಷೆ, ಇಲ್ಲಿ ಬೀದಿಯಲ್ಲಿ ಮಗ್ಗದ ಸದ್ದಿನ ನಡುವೆ ಓಡಾಡುತ್ತಿತ್ತು. "ನೀವು ಕನ್ನಡದವ್ರಾ?" ಎಂದು ಕೇಳಿದ್ದೇ ತಡ, ಅವಳು ಸಮೀಕ್ಷೆಗೆ ಬಂದವಳು ಎಂಬುದು ಎಲ್ಲರಿಗೂ ಮರೆತುಹೋಯಿತು, ಅವಳಿಗೂ. ಚಂದ್ರಕ್ಕನ ಗಂಡ ಗೋವಿಂದಸಾಮಿ ಮಗ್ಗದ ಗುಂಡಿಯಿಂದ ಎದ್ದು ಬಂದು ಕೈಮುಗಿದರು. ಗೋಕಿಲಾ ಅಕ್ಕಾ ಅಕ್ಕಾ ಎನ್ನುತ್ತ ಹಿಂದೆ ಸುತ್ತಿದಳು. ಹಳೆಯ ಹಾಸಿನ ತುದಿಗೆ ಹೊಸ ರೇಷ್ಮೆಯ ಒಂದೊಂದೇ ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೂಡಿಸುತ್ತಿದ್ದ ಚಂದ್ರಕ್ಕ, ಕೆಲಸ ಬಿಡದೆ, ನೋಡದೆ, ಮಾತಾಡುತ್ತಿದ್ದಳು. ನಾಲ್ಕು ಸಾವಿರ ಎಳೆ. ಹೆಗಲು ನೋಯುವುದು ಇದಕ್ಕೇ ಎಂದು ನಕ್ಕಳು. ಪಾಯಸ ಮಾಡಿದ್ದರು, ಬಾಳೆಲೆ ಹಾಕಿದರು. ಊಟವಾದ ಮೇಲೆ ಭಾಮಾ ಫಾರಂ ತೆಗೆದು ಹೆಸರು, ವಯಸ್ಸು, ಎಷ್ಟು ಗಂಟೆ ಮಗ್ಗದ ಮುಂದೆ, ನೋವು ಎಲ್ಲಿ ಎಂದು ಕೇಳುತ್ತ ಹದಿಮೂರನೆಯ ಪ್ರಶ್ನೆಯವರೆಗೆ ಬಂದಿದ್ದಳು. ಆಗ ಗೋವಿಂದಸಾಮಿ ಮೆತ್ತಗೆ, "ಟೀಚರಮ್ಮಾ, ತಪ್ಪು ತಿಳೀಬೇಡಿ. ಹಾಸು ಏರೋ ದಿನ ನಮ್ಮನೇಲಿ ಕಾಯಿಲೆ ಕಸಾಲೆ, ಔಷಧಿ ಮಾತು ಎತ್ತಲ್ಲ. ಎಳೆ ನಿಲ್ಲಲ್ಲ ಅಂತಾರೆ" ಎಂದರು. ಹೆಗಲುನೋವು ಅವರಿಗೆ ಕಾಯಿಲೆಯ ಲೆಕ್ಕದಲ್ಲೇ ಇರಲಿಲ್ಲ, ಅದು ಕೆಲಸದ ಭಾಗ. ಭಾಮಾ ನಾಚಿ ಪೆನ್ನು ಮುಚ್ಚಿದಳು. ಇನ್ನೊಂದು ದಿನ ಬಂದು ಕೇಳುತ್ತೇನೆ ಎಂದಳು. ಅರ್ಥ ಮಾಡಿಕೊಳ್ಳಬಲ್ಲೆ, ನಿಮ್ಮವಳೇ ತಾನೇ ಎಂಬ ಹೆಮ್ಮೆಯಿಂದ ಹಾಗೆ ಹೇಳಿದಳು. ಬರುವಾಗ ಸಮೀಕ್ಷೆಯ ನಿಯಮದಂತೆ ಮನೆಗೊಂದು ಕೊಡಬೇಕಾದ ಎಣ್ಣೆ ಬಾಟಲಿಯ ಜೊತೆ, "ನೀವು ಇನ್ನೂ ಇಟ್ಕೊಳ್ಳಿ ಚಂದ್ರಕ್ಕಾ" ಎಂದು ಮೂರು ಹೆಚ್ಚಿಗೆ ಕೊಟ್ಟಳು.

ಆ 'ಇನ್ನೊಂದು ದಿನ' ಬರಲೇ ಇಲ್ಲ. ಹೋದಳು, ಆದರೆ ಪಕ್ಕದ ಮನೆಗೆ, ಎದುರು ಮನೆಗೆ, ಬೀದಿಯ ಕೊನೆಗೆ. ಎಲ್ಲ ಕಡೆಯೂ ಅದೇ ಮಾತು, ಅದೇ ಉಪಚಾರ, ಯಾವ ಮನೆಯ ಮಜ್ಜಿಗೆ ಯಾವ ಮನೆಯ ಮುರುಕು ಎಂದು ಈಗ ಬೇರ್ಪಡಿಸಲೂ ಆಗದು. ಫಾರಂಗಳು ಅರೆಬರೆ ತುಂಬಿ ಬಂದವು. ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಅವನ್ನೆಲ್ಲ ಹರಡಿಕೊಂಡು, ಕುಕ್ಕರು ಕೂಗುವುದನ್ನು ಕೇಳುತ್ತ, ಖಾಲಿ ಬಿಟ್ಟಿದ್ದ ಜಾಗಗಳನ್ನು ತುಂಬಿದಳು. ಹದಿನಾಲ್ಕನೆಯ ಪ್ರಶ್ನೆ: ನಿಯಮಿತವಾಗಿ ಯಾವುದಾದರೂ ಔಷಧಿ ಸೇವಿಸುತ್ತೀರಾ? ಇಲ್ಲ. ಇಲ್ಲ. ಇಲ್ಲ. ಗಟ್ಟಿಮುಟ್ಟಾದ ಜನ, ಬೆಳಿಗ್ಗೆ ಐದಕ್ಕೇ ಮಗ್ಗಕ್ಕೆ ಇಳಿಯುವವರು. ಇವರಿಗೆಲ್ಲಿಯ ಮಾತ್ರೆ? ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲಿಲ್ಲ. ಅದೇ ಈಗ ಹೆಚ್ಚು ಚುಚ್ಚುತ್ತಿತ್ತು. ಸುಳ್ಳು ಎಂದು ಗೊತ್ತಿದ್ದರೆ ಪೆನ್ನು ಒಂದು ಸಲವಾದರೂ ನಿಲ್ಲುತ್ತಿತ್ತು.

ಆಸ್ಪತ್ರೆ ಮೆಟ್ಟುಪಾಳ್ಯಂ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ನಡಿಗೆ, ಮೂರು ಮಹಡಿಯ ಕಟ್ಟಡ. ಮೆಟ್ಟಿಲ ಬಳಿಯೇ ಗೋಕಿಲಾ ಕಾದು ನಿಂತಿದ್ದಳು. ಕಣ್ಣು ಕೆಂಪಾಗಿದ್ದವು. ಅವಳು ಭಾಮಾಳ ಕೈ ಹಿಡಿದುಕೊಂಡು, "ಎಲ್ಲಾ ನನ್ನಿಂದ ಅಕ್ಕಾ" ಎಂದಳು. ಭಾಮಾಳಿಗೆ ಏನೂ ಅರ್ಥವಾಗಲಿಲ್ಲ. "ಮಾತ್ರೆ ಡಬ್ಬಿ ನಾನೇ ತುಂಬೋದು. ಹೋದ ತಿಂಗಳು ಕಂಪನಿ ಬದಲಾಯ್ಸಿ ಕೊಟ್ರು, ಬಣ್ಣ ಬೇರೆ. ನಾನು ಹಳೇದೂ ಹೊಸದೂ ಸೇರಿಸಿ ಕೊಟ್ಟಿದೀನಿ ಅಂತ ಡಾಕ್ಟ್ರು ಬೈದ್ರು. ಕೊಟ್ಟಿಲ್ಲ ಅಂತ ನೆನಸ್ಕೊಂಡಿದೀನಿ. ಆದ್ರೆ ಈಗ ಗೊತ್ತಾಗ್ತಿಲ್ಲ ಅಕ್ಕಾ, ಕೊಟ್ಟಿದ್ರೂ ಕೊಟ್ಟಿರ್ಬೋದು." ಬೆಳಗಿನಿಂದ ಅದೇ ಡಬ್ಬಿಯನ್ನು, ಏಳು ದಿನದ ಏಳು ಗೂಡಿನ ಪ್ಲಾಸ್ಟಿಕ್ ಡಬ್ಬಿಯನ್ನು, ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು. ಮುಚ್ಚಳ ತೆಗೆದು ಎಣಿಸುವುದು, ಹಾಕುವುದು, ಮತ್ತೆ ತೆಗೆಯುವುದು. ಭಾಮಾ ಅವಳ ಬೆನ್ನು ಸವರಿದಳು. ಸವರುತ್ತಲೇ, ತನಗೆ ಎಷ್ಟು ಹಗುರವಾಯಿತು ಎಂಬುದನ್ನು ಕಂಡು ಅಸಹ್ಯಪಟ್ಟುಕೊಂಡಳು. ಹೌದು, ಹಗುರವಾಗಿತ್ತು. ಮಾತ್ರೆಯೇ ಹೆಚ್ಚಾಗಿರಬಹುದಲ್ಲ. ಬಣ್ಣ ಬದಲಾದರೆ ಯಾರಿಗಾದರೂ ತಪ್ಪುವುದೇ. ಮೆಟ್ಟಿಲು ಹತ್ತುತ್ತ ಆ ಒಂದು 'ಬಹುದು' ಅನ್ನು ಅವಳು ಬಿಗಿಯಾಗಿ ಹಿಡಿದುಕೊಂಡಳು.

ಎರಡನೆಯ ಮಹಡಿಯ ವಾರ್ಡಿನ ಬಾಗಿಲಲ್ಲಿ ಅದೂ ಕೈಬಿಟ್ಟಿತು. ವಾಸನೆ ಬಂತು. ಡೆಟಾಲ್, ಇಡ್ಲಿ ಪೊಟ್ಟಣ, ಒದ್ದೆ ನೆಲದ ವಾಸನೆಗಳ ಮೇಲೆ ಅವಳ ಎಣ್ಣೆಯದು ಮೂಗಿಗೆ ಹೊಡೆಯುತ್ತಿತ್ತು. ಬೇರೆಯವರಿಗೆ ಅದು ಯಾವುದೋ ಮುಲಾಮು. ಇಂಥ ವಾರ್ಡಿನಲ್ಲಿ ಮುಲಾಮು ಹಚ್ಚಿಕೊಳ್ಳದವರು ಯಾರು, ಡಾಕ್ಟರೂ ಅದನ್ನು ಗಮನಿಸಿರಲಿಕ್ಕಿಲ್ಲ. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಚಂದ್ರಕ್ಕ ಮಲಗಿದ್ದಳು, ಮೂಗಿಗೆ ಹತ್ತಿ ತುರುಕಿದ್ದರು, ಹತ್ತಿಯ ಅಂಚು ಕಂದಾಗಿತ್ತು. ಮುಖ ಬಿಳಿಚಿತ್ತು. ಗೋವಿಂದಸಾಮಿ ಕಾಲ ಬಳಿ ಸ್ಟೂಲಿನ ಮೇಲೆ ಕೂತಿದ್ದವರು ಎದ್ದು ನಿಂತರು. "ಅಷ್ಟು ದೂರದಿಂದ ಬಂದ್ರಾ ಟೀಚರಮ್ಮಾ" ಎಂದಳು ಚಂದ್ರಕ್ಕ, ಬಾಯಿಂದ ಉಸಿರಾಡುತ್ತ. "ಕಾಪಿ ತರಿಸ್ರಿ ಅವ್ರಿಗೆ." ಹೊದಿಕೆ ಸರಿಸಿ ಗೋಕಿಲಾ ತೊಡೆ ತೋರಿಸಿದಳು. ಮಂಡಿಯಿಂದ ಸೊಂಟದವರೆಗೆ ಬದನೆಕಾಯಿಯ ಬಣ್ಣ. ಅದರ ಮೇಲೆ ಚರ್ಮ ಮಿರುಗುತ್ತಿತ್ತು, ಎಣ್ಣೆ ಹಚ್ಚಿ ತಿಕ್ಕಿದ ಮಿರುಗು. "ನೋವು ತಾಳಕ್ಕಾಗಲ್ಲ ಅಂದ್ಲು, ಬೆಳಿಗ್ಗೆಯಿಂದ ಎರಡು ತಡವೆ ನಿಮ್ಮ ತೈಲ ಹಚ್ಚಿದೀನಿ" ಎಂದ ಗೋಕಿಲಾ ದಿಂಬಿನ ಕೆಳಗಿಂದ ಬಾಟಲಿ ತೆಗೆದಳು. "ಇನ್ನೊಂದು ತಡವೆ ಹಚ್ಚಲಾ?" ಅಂಗೈಯಲ್ಲಿ ಆಗಲೇ ಸುರಿದುಕೊಂಡಿದ್ದಳು.

ಭಾಮಾ ಅವಳ ಮಣಿಕಟ್ಟನ್ನು ಹಿಡಿದಳು, ಅಗತ್ಯಕ್ಕಿಂತ ಜೋರಾಗಿ. ಎಣ್ಣೆ ಹಾಸಿಗೆಯ ಮೇಲೆ ಚೆಲ್ಲಿತು. "ಬೇಡ" ಎಂದಳು. "ಯಾಕಕ್ಕಾ?" ಅಲ್ಲೇ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವಳು ಹೇಳಿದ್ದು, "ಈ ಬಾಟಲಿ ಹಳೇದಾಗಿದೆ. ನಾನು ತಗೊಂಡು ಹೋಗ್ತೀನಿ. ಮನೇಲಿರೋದನ್ನೂ ಮುಟ್ಬೇಡಿ, ಬೇರೆ ತಂದ್ಕೊಡ್ತೀನಿ." ಬಾಟಲಿ ಅವಳ ಚೀಲದೊಳಗೆ ಫಾರಂಗಳ ಪಕ್ಕಕ್ಕೆ ಹೋಯಿತು. ಕರ್ಚೀಫು ಒದ್ದೆ ಮಾಡಿ ಚಂದ್ರಕ್ಕನ ತೊಡೆಯನ್ನು, ಹೆಗಲನ್ನು ತಾನೇ ಒರೆಸಿದಳು, ಮೂರು ಸಲ. ಚಂದ್ರಕ್ಕ ಸಂಕೋಚದಿಂದ ಕಾಲು ಎಳೆದುಕೊಳ್ಳಲು ನೋಡಿದಳು, "ನೀವ್ಯಾಕೆ ತಾಯೀ" ಎಂದಳು. ಒರೆಸುತ್ತ ಭಾಮಾಳ ತಲೆ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಎಣ್ಣೆ ನಿಂತಿತು. ಮಾತ್ರೆಯ ಬಲ ಇನ್ನು ಏರುವುದಿಲ್ಲ. ಇವರು ವಿಟಮಿನ್ ಕೆ ಕೊಡುತ್ತಾರೆ, ಪ್ಲಾಸ್ಮಾ ಏರಿಸುತ್ತಾರೆ, ಕಾರಣ ಏನೇ ಇದ್ದರೂ ಮಾಡುವುದು ಅದನ್ನೇ ತಾನೇ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಯಾರೂ ಏನೂ ಕೇಳುವುದಿಲ್ಲ. ಆ ಬೀದಿಯ ಎಲ್ಲ ಬಾಟಲಿಗಳನ್ನೂ ಇದೇ ನೆಪ ಹೇಳಿ ವಾಪಸ್ ತೆಗೆದುಕೊಳ್ಳಬಹುದು. ಸೋಮವಾರ ಸಮಿತಿ. ಇದೆಲ್ಲ ಎಷ್ಟು ಸಲೀಸಾಗಿ ಹೊಂದಿಕೊಂಡಿತು ಎಂದರೆ, ಇಂಥದ್ದರಲ್ಲಿ ತನಗೆ ಮೊದಲೇ ಅಭ್ಯಾಸವಿತ್ತೇನೋ ಎಂದು ಅವಳಿಗೆ ಅನುಮಾನ ಬಂತು.

ಡಾಕ್ಟರ್ ಪ್ರೇಮ್ ಕುಮಾರ್ ಬಂದರು. ಮೂವತ್ತು ದಾಟದ ಹುಡುಗ, ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ. "ರಕ್ತ ಎಷ್ಟು ತೆಳುವಾಗಿದೆ ಅನ್ನೋ ಲೆಕ್ಕ, ಮೂರರೊಳಗಿರಬೇಕಾದ್ದು ಒಂಬತ್ತು ದಾಟಿದೆ" ಎಂದರು ತಮಿಳಿನಲ್ಲಿ. "ತಲೆಯೊಳಗೆ ಒಡೆದಿದ್ದರೆ ಈ ಹೊತ್ತಿಗೆ ನಾವು ಮಾತಾಡುತ್ತಿರಲಿಲ್ಲ. ವಾಲ್ವ್ ಇರುವುದರಿಂದ ಪೂರ್ತಿ ಇಳಿಸಲೂ ಆಗಲ್ಲ, ಅದು ಇನ್ನೊಂದು ತಲೆನೋವು." ಭಾಮಾ ತಾನು ಫಾರ್ಮಸಿ ಕಾಲೇಜಿನವಳು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವರ ಮುಖ ಕೂಡಲೇ ಸಡಿಲಾಯಿತು, ತನ್ನವರು ಸಿಕ್ಕರು ಎಂಬಂತೆ. "ಹಾಗಿದ್ದರೆ ನೀವೇ ಇವರಿಗೆ ಹೇಳಿ ಮೇಡಂ. ಓದದವರ ಕೈಗೆ ಇಂಥ ಮಾತ್ರೆ ಕೊಟ್ಟರೆ ಹೀಗೇ ಆಗೋದು." ಆಮೇಲೆ ಗೋವಿಂದಸಾಮಿಯ ಕಡೆ ತಿರುಗಿ, "ಇನ್ನು ಮೇಲೆ ಮಾತ್ರೆ ಈ ಹುಡುಗಿ ಕೊಡೋದು ಬೇಡ. ನೀವೇ ಕೊಡಿ. ಅವಳ ಕೈಯಲ್ಲಿ ಇನ್ನೊಂದು ಸಲ ಹೀಗಾದರೆ ಅಮ್ಮ ಇರಲ್ಲ" ಎಂದರು. ಗೋವಿಂದಸಾಮಿ ಮಗಳನ್ನು ನೋಡಲಿಲ್ಲ. ಗೋಡೆ ನೋಡುತ್ತ ಕೈ ಚಾಚಿದರು. ಗೋಕಿಲಾ ಆ ಏಳು ಗೂಡಿನ ಡಬ್ಬಿಯನ್ನು ಸೆರಗಿನಲ್ಲಿ ಒಮ್ಮೆ ಒರೆಸಿ ಅವರ ಕೈಗೆ ಕೊಟ್ಟಳು. ಕೊಟ್ಟ ಮೇಲೆ ಆ ಖಾಲಿ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಇಟ್ಟುಕೊಂಡಳು.

"ಮಾತ್ರೆಯಿಂದ ಆಗಿದ್ದಲ್ಲ ಡಾಕ್ಟರ್" ಎಂದಳು ಭಾಮಾ.  ಬಾಟಲಿ ತೆಗೆದು ಅವರ ಮುಂದೆ ಹಿಡಿದಳು. ವಿಂಟರ್‌ಗ್ರೀನ್, ಐದು ತಿಂಗಳಿಂದ ದಿನಾ, ನಾನೇ ಕೊಟ್ಟಿದ್ದು, ಇಂದು ಬೆಳಿಗ್ಗೆ ಎರಡು ಸಲ ಗಾಯದ ಮೇಲೆಯೇ. ತಮಿಳಿನಲ್ಲೇ ಹೇಳಿದಳು, ಎಲ್ಲರಿಗೂ ತಿಳಿಯಲಿ ಎಂದು. ಪ್ರೇಮ್ ಕುಮಾರ್ ಬಾಟಲಿ ಮೂಸಿ ಹುಬ್ಬು ಗಂಟಿಕ್ಕಿದರು. "ರಕ್ತ ತೆಳು ಮಾಡೋ ಮಾತ್ರೆ ತಿನ್ನೋರಿಗೆ ಇದನ್ನ ಕೊಟ್ರಾ? ನೀವು? ಕೇಳಲಿಲ್ವಾ?" ಆ ಕ್ಷಣ ಭಾಮಾ ಮಾಡಿದ್ದನ್ನು ಆಮೇಲೆ ನೆನೆದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಅವಳ ಕೈ ಚೀಲಕ್ಕೆ ಹೋಯಿತು. ಎಲ್ಲಕ್ಕಿಂತ ಮೇಲಿದ್ದ ಚಂದ್ರಕ್ಕನ ಫಾರಂ ಎಳೆದು ಕೊಟ್ಟಿತು. ಬಾಯಿ ಏನೂ ಹೇಳಲಿಲ್ಲ, ಹಾಳೆಯೇ ಹೇಳಲಿ ಎಂದು ಬಿಟ್ಟಿತು. ಡಾಕ್ಟರು ಹದಿನಾಲ್ಕನೆಯ ಸಾಲು ಓದಿದರು, ಕೆಳಗಿನ ಸಹಿ ನೋಡಿದರು, ಚಂದ್ರಕ್ಕನ ಕಡೆ ತಿರುಗಿದರು. "ಏನಮ್ಮಾ, ಮಾತ್ರೆ ತಗೊಳ್ಳಲ್ಲ ಅಂತ ಸುಳ್ಳು ಹೇಳಿ ಸಹಿ ಹಾಕಿದೀಯಾ? ನಿನ್ನ ಜೀವ ನೀನೇ ತೆಗೆದುಕೊಳ್ತಿದ್ದೆ ಗೊತ್ತಾ?"

ಚಂದ್ರಕ್ಕ ದಿಂಬಿನ ಮೇಲೆ ತಲೆ ಹೊರಳಿಸಿ ಭಾಮಾಳನ್ನು ನೋಡಿದಳು. ತುಂಬ ಹೊತ್ತೇನಲ್ಲ. ಆಮೇಲೆ ಡಾಕ್ಟರಿಗೆ ತಮಿಳಿನಲ್ಲಿ, "ತಪ್ಪುದಾನ್ ಸಾರ್" ಎಂದಳು. ಗೋಕಿಲಾ ತಾಯಿಯ ಹತ್ತಿರ ಬಗ್ಗಿ ಕನ್ನಡದಲ್ಲಿ, ಹಲ್ಲು ಕಚ್ಚಿ, "ಯಾಕಮ್ಮಾ ಹಿಂಗ್ ಮಾಡ್ದೆ? ಯಾಕ್ ಹೇಳ್ಲಿಲ್ಲ?" ಎಂದಳು. ಚಂದ್ರಕ್ಕ ಕಣ್ಣು ಮುಚ್ಚಿಕೊಂಡಳು. ಅದೇ ತೆಳ್ಳನೆಯ ದನಿಯಲ್ಲಿ, ಹಾಸಿಗೆಯ ಸುತ್ತ ನಿಂತವರಿಗೆ ಮಾತ್ರ ಕೇಳುವ ಹಾಗೆ, "ಕೇಳಿದ್ರೆ ಹೇಳ್ತಿರ್ಲಿಲ್ವಾ? ಅವತ್ತು ಹಾಸು ಏರೋ ದಿನ. ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಬುಡು, ಮನೆಗ್ ಬಂದೋರು, ನಾಕು ಜನದ ಮುಂದೆ ಅವ್ರನ್ನ ಯಾಕೆ ಕೆಳಗೆ ಹಾಕೋದು" ಎಂದಳು. ಗೋವಿಂದಸಾಮಿ ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು. ಪ್ರೇಮ್ ಕುಮಾರ್‌ಗೆ ಆ ಭಾಷೆ ಬರುತ್ತಿರಲಿಲ್ಲ. ಅವರು ಪೆನ್ನಿನ ತುದಿಯಿಂದ ಕೇಸ್ ಶೀಟು ಬಡಿಯುತ್ತ, "ಏನಂತಾರೆ?" ಎಂದು ಕೇಳಿದರು. ಗೋಕಿಲಾಳನ್ನು ಕೇಳಿದ್ದು.  ಅವಳು ಭಾಮಾಳನ್ನು ನೋಡುತ್ತ ನಿಂತಳು.

ಭಾಮಾಳಿಗೆ ಹೊರಗೆ ಯಾರೋ ಟ್ರಾಲಿ ತಳ್ಳಿಕೊಂಡು ಹೋಗುವುದು ಕೇಳಿಸಿತು. ಚಂದ್ರಕ್ಕ ರಕ್ತ ಸುರಿಸಿಕೊಂಡು ಮಲಗಿ ಭಾಮಾಳ ಮಾನ ಕಾಯುತ್ತಿದ್ದಳು. ಅದನ್ನು ತೆಗೆದುಕೊಂಡು ಮನೆಗೆ ಹೋಗಬಹುದಿತ್ತು, ಪಾಯಸ ತೆಗೆದುಕೊಂಡ ಹಾಗೆಯೇ. "ಕೇಳಿದ್ದರೆ ಹೇಳುತ್ತಿದ್ದೆ ಅನ್ನುತ್ತಿದ್ದಾರೆ" ಎಂದಳು ತಮಿಳಿನಲ್ಲಿ. "ನಾನು ಕೇಳಲಿಲ್ಲ. ಆ 'ಇಲ್ಲ' ನಾನು ಮನೆಯಲ್ಲಿ ಕೂತು ಬರೆದದ್ದು. ಸಹಿ ಮೊದಲೇ ಹಾಕಿಸಿಕೊಂಡಿದ್ದೆ." ಹೇಳಿ ಮುಗಿದ ಮೇಲೆ ಅವಳಿಗೆ ಸಮಾಧಾನವೇನೂ ಆಗಲಿಲ್ಲ. ಆಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅವಳಿಗಾದದ್ದು ಬರೀ ನಾಚಿಕೆ, ಬೀದಿಯಲ್ಲಿ ಸೀರೆ ಜಾರಿದಾಗ ಆಗುವಂಥದ್ದು. ಪ್ರೇಮ್ ಕುಮಾರ್ ಕೇಸ್ ಶೀಟಿನಲ್ಲಿ ಒಂದು ಸಾಲು ಹೊಡೆದು ಹಾಕಿ, ಕೆಳಗೆ ಬರೆಯತೊಡಗಿದರು. ನಡುವೆ ತಲೆ ಎತ್ತಿ ಅವಳ ಪೂರ್ತಿ ಹೆಸರು, ಕಾಲೇಜಿನ ಹೆಸರು ಕೇಳಿ ಬರೆದುಕೊಂಡರು. ಫಾರಂ ವಾಪಸ್ ಕೊಡಲಿಲ್ಲ, ಮಡಿಸಿ ಕೇಸ್ ಶೀಟಿಗೆ ಸಿಕ್ಕಿಸಿದರು. ಬಾಟಲಿಯನ್ನೂ ತೆಗೆದುಕೊಂಡು ಹೋದರು. ಗೋಕಿಲಾ ಅಪ್ಪನ ಕೈಯಿಂದ ಮಾತ್ರೆ ಡಬ್ಬಿಯನ್ನು ತೆಗೆದುಕೊಂಡಳು. ಅವರು ಕೊಟ್ಟರು, ಆಗಲೂ ಅವಳ ಮುಖ ನೋಡಲಾಗಲಿಲ್ಲ ಅವರಿಗೆ.

ಭಾಮಾ ವರಾಂಡಾಕ್ಕೆ ಬಂದಳು. ಕೂರಬೇಕೋ ಹೋಗಬೇಕೋ ತಿಳಿಯಲಿಲ್ಲ. ಹಿಂದೆ ಚಪ್ಪಲಿಯ ಸದ್ದಾಯಿತು. ಗೋಕಿಲಾ ಬಂದು ಎದುರಿಗೆ ನಿಂತಳು. ಅಳು ನಿಂತಿತ್ತು. ಬೈಯುತ್ತಾಳೆ ಎಂದುಕೊಂಡಳು ಭಾಮಾ, ಬೈದರೆ ಎಷ್ಟೋ ಒಳ್ಳೆಯದಿತ್ತು. "ಮೇಡಂ" ಎಂದಳು ಗೋಕಿಲಾ, ತಮಿಳಿನಲ್ಲಿ, ಕೌಂಟರಿನಲ್ಲಿ ಮಾತಾಡುವ ಹಾಗೆ. "ನಮ್ಮ ಬೀದಿಯಲ್ಲಿ ಇನ್ನು ಯಾವ ಯಾವ ಮನೆಯಲ್ಲಿ ನೀವು ಕೇಳಲಿಲ್ಲ?"

ಭಾಮಾ ಬೆಂಚಿನ ಮೇಲೆ ಕೂತು ಚೀಲದಿಂದ ಕಟ್ಟು ತೆಗೆದಳು. ಒಂದು, ಎರಡು, ಐದು, ಒಂಬತ್ತು. ಇಲ್ಲ, ಇಲ್ಲ, ಇಲ್ಲ. ಎಲ್ಲವೂ ಒಂದೇ ನೀಲಿ ಶಾಯಿ, ಒಂದೇ ಓರೆ, ಕೆಲವು ಮನೆಯ ಹೊಸಿಲಲ್ಲಿ ನಿಜಕ್ಕೂ ಕೇಳಿ ಬರೆದದ್ದು, ಉಳಿದವು ಆ ಭಾನುವಾರದ್ದು. ಸೆಂದಿಲ್ ಎಂಬವನ ತಂದೆಗೆ ಬಿ.ಪಿ. ಇದೆ ಎಂದು ಯಾರೋ ಹೇಳಿದ್ದರು, ಅದು ಯಾವ ಮನೆ? ಯಾವ ಮನೆಯ ಹಾಳೆಯಾದರೂ ಅದರಲ್ಲಿ 'ಇಲ್ಲ' ಎಂದೇ ಇತ್ತು. ಅವಳು ಮತ್ತೆ ಮೊದಲಿನಿಂದ ತಿರುವಿದಳು. ಕೈಬರಹ ಎಲ್ಲ ಕಡೆಯೂ ಒಂದೇ ಸಮನಾಗಿ, ಚೆನ್ನಾಗಿ, ಟೀಚರ ಅಕ್ಷರವಾಗಿತ್ತು.

"ಗೊತ್ತಾಗ್ತಿಲ್ಲ ಗೋಕಿಲಾ" ಎಂದಳು ಕನ್ನಡದಲ್ಲಿ.

 ಗೋಕಿಲಾ ಉಳಿದ ಮೂವತ್ತೊಂದು ಹಾಳೆಗಳನ್ನೂ ಅವಳ ಮಡಿಲಿಂದ ತೆಗೆದುಕೊಂಡು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಮೊದಲನೆಯ ಮನೆಗೆ ಫೋನ್ ಮಾಡಿದಳು.